ಥರ್ಮೋಸ್ಟಾಟ್ ಬದಲಿಸಿದ ಮೇಲೆ ಹೀಟರ್ ತಣ್ಣಗೆ, ತಾಪಮಾನದ ಮುಳ್ಳಿನ ಏರಿಳಿತ: ಒಳಗೆ ಉಳಿದ ಗಾಳಿಯನ್ನು ಹೊರಹಾಕುವುದು ಹೇಗೆ?

ಪ್ರಶ್ನೆ

ನನ್ನದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ರೇಡಿಯೇಟರಿನ ಮೇಲೆಯೇ ಒತ್ತಡದ ಮುಚ್ಚಳವಿದ್ದು, ಪಕ್ಕದಲ್ಲಿ ಪ್ರತ್ಯೇಕವಾದ ಪ್ಲಾಸ್ಟಿಕ್ ಬಾಟಲಿ ಇರುವ ಮಾದರಿ. ಮೇಲಿನ ಹೋಸ್ ಸೀಳಿದ್ದರಿಂದ ಅದನ್ನೂ ಥರ್ಮೋಸ್ಟಾಟನ್ನೂ (ಎಂಜಿನ್ ಬಿಸಿಯಾದ ಮೇಲಷ್ಟೇ ತಣಿಸುವ ದ್ರವವನ್ನು, ಅಂದರೆ ಕೂಲಂಟನ್ನು, ರೇಡಿಯೇಟರಿಗೆ ಬಿಡುವ ವಾಲ್ವ್) ಗ್ಯಾರೇಜಿನಲ್ಲಿ ಬದಲಾಯಿಸಿದರು. ಆಮೇಲೆ ಘಾಟಿ ಏರುವಾಗ ತಾಪಮಾನದ ಮುಳ್ಳು ಒಮ್ಮೆಲೇ ಮೇಲೇರಿ, ಅಷ್ಟೇ ಬೇಗ ಕೆಳಗಿಳಿಯುತ್ತಿದೆ. ಡ್ಯಾಶ್‌ಬೋರ್ಡಿನ ಹಿಂದೆ ಬುಳುಬುಳು ಸದ್ದು ಕೇಳಿಸುತ್ತದೆ. ವಾಹನ ನಿಂತಾಗ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಬೆಚ್ಚಗಾಗುತ್ತದೆ. ಬಾಟಲಿಯಲ್ಲಿ ಕೂಲಂಟ್ ಮಟ್ಟ ಸರಿಯಾಗಿಯೇ ಇದೆ. ನಮ್ಮ ಸೆಖೆಗೆ ಥರ್ಮೋಸ್ಟಾಟೇ ಬೇಡ, ತೆಗೆದುಬಿಡೋಣ ಎಂದು ಮೆಕ್ಯಾನಿಕ್ ಸಲಹೆ ನೀಡಿದ್ದಾರೆ. ಒಪ್ಪಬಹುದೇ?

ಉತ್ತರ

ದಯವಿಟ್ಟು ಒಪ್ಪಬೇಡಿ. ಥರ್ಮೋಸ್ಟಾಟ್ ತೆಗೆದರೆ ಗಾಳಿ ಹೊರಹೋಗುವುದಿಲ್ಲ. ಎಂಜಿನ್ ತನ್ನ ಕೆಲಸದ ಉಷ್ಣತೆಯನ್ನು ಬೇಗ ಮುಟ್ಟದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಅಷ್ಟೆ. ನೀವು ವಿವರಿಸಿದ ಲಕ್ಷಣಗಳೆಲ್ಲ ಒಳಗೆ ಗಾಳಿ ಉಳಿದಿರುವುದನ್ನೇ ತೋರಿಸುತ್ತವೆ. ವಾಟರ್ ಪಂಪ್ ದ್ರವವನ್ನು ತಳ್ಳಬಲ್ಲದೇ ಹೊರತು ಗಾಳಿಯನ್ನಲ್ಲ. ಹೀಟರ್ ಕೋರ್ (ಹೀಟರಿನ ಗಾಳಿಯನ್ನು ಬಿಸಿ ಕೂಲಂಟಿನಿಂದ ಕಾಯಿಸುವ ಪುಟ್ಟ ರೇಡಿಯೇಟರ್) ಎತ್ತರದಲ್ಲಿರುವುದರಿಂದ ಗಾಳಿ ಅಲ್ಲಿ ಸೇರಿಕೊಳ್ಳುತ್ತದೆ. ಪಂಪ್ ನಿಧಾನವಾಗಿ ತಿರುಗುವಾಗ ಬಿಸಿ ದ್ರವ ಅದನ್ನು ದಾಟಲಾರದು, ವೇಗ ಹೆಚ್ಚಿದಾಗ ಹೇಗೋ ದಾಟುತ್ತದೆ. ಸೆನ್ಸರಿನ ಸುತ್ತ ಒಮ್ಮೆ ದ್ರವ, ಒಮ್ಮೆ ಆವಿ ಬಂದುಹೋಗುವುದರಿಂದ ಮುಳ್ಳು ಕುಣಿಯುತ್ತದೆ. ಮುಳ್ಳು ಕೆಳಗಿಳಿದಿದೆ ಎಂದ ಮಾತ್ರಕ್ಕೆ ಎಂಜಿನ್ ತಣ್ಣಗಿದೆ ಎಂದು ನಂಬಲಾಗದು.

ಬಾಟಲಿಯ ಮಟ್ಟವನ್ನೂ ನಂಬಬೇಡಿ. ನಿಮ್ಮ ಮಾದರಿಯಲ್ಲಿ ಬಾಟಲಿ ತುಂಬಿದ್ದು ರೇಡಿಯೇಟರ್ ಅರ್ಧ ಖಾಲಿಯಾಗಿರುವುದು ಸಾಧ್ಯ. ಗ್ಯಾರೇಜಿನಲ್ಲಿ ಎಷ್ಟು ಲೀಟರ್ ಹೊರಬಂತು, ಎಷ್ಟು ಒಳಹೋಯಿತು ಎಂದು ವಿಚಾರಿಸಿ. ಆ ವ್ಯತ್ಯಾಸವೇ ಒಳಗಿರುವ ಗಾಳಿಯ ಅಂದಾಜು ಲೆಕ್ಕ.

ಎಂಜಿನ್ ಸಂಪೂರ್ಣ ತಣ್ಣಗಾಗಿ, ಮೇಲಿನ ಹೋಸ್ ಕೈಗೆ ಮೆತ್ತಗೆ ಸಿಗುವವರೆಗೆ ಮುಚ್ಚಳ ಮುಟ್ಟಬೇಡಿ. ನೀರು ಮತ್ತು ಎಥಿಲೀನ್ ಗ್ಲೈಕಾಲಿನ ಸಮಪಾಲು ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; 0.9 ಬಾರ್ ಮುಚ್ಚಳದ ಒತ್ತಡದಲ್ಲಿ 120 ದಾಟಿದರೂ ಕುದಿಯದು. ಅಂಥ ಸ್ಥಿತಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಇಡೀ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ.

ತಣ್ಣಗಾದ ಮೇಲೆ ಮುಂಭಾಗ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ವಾಹನ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ರೇಡಿಯೇಟರಿನ ಬಾಯಿಯೇ ಎಲ್ಲಕ್ಕಿಂತ ಮೇಲಿರಬೇಕು ಎಂಬುದೇ ಇದರ ಉದ್ದೇಶ. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಏಕೆಂದರೆ ಹಳೆಯ ಕಾರುಗಳಲ್ಲಿ ಹೀಟರಿಗೆ ವಾಲ್ವ್ ಇದ್ದು, ಅದು ಮುಚ್ಚಿದ್ದರೆ ಅಲ್ಲಿನ ಗಾಳಿ ಕದಲುವುದಿಲ್ಲ. ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ ಇಟ್ಟು, ಕೂಲಂಟನ್ನು ನಿಧಾನವಾಗಿ ಸುರಿಯುತ್ತ, ಮೇಲಿನ ಮತ್ತು ಕೆಳಗಿನ ಹೋಸ್‌ಗಳನ್ನು ಹಸುವಿನ ಕೆಚ್ಚಲು ಹಿಂಡುವಂತೆ ಹಿತವಾಗಿ ಒತ್ತಿ ಬಿಡಿ. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ. ಇನ್ನು ಬೆಲ್ಟಿನ ಹತ್ತಿರವೂ ಫ್ಯಾನಿನ ಹತ್ತಿರವೂ ಕೈ ಹೋಗಬಾರದು. ಫ್ಯಾನ್ ಹೇಳದೆ ಕೇಳದೆ ತಿರುಗತೊಡಗುತ್ತದೆ.

ಥರ್ಮೋಸ್ಟಾಟ್ ಮಾದರಿಗೆ ತಕ್ಕಂತೆ 82 ಅಥವಾ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ತೆರೆದಾಗ ಆಲಿಕೆಯಲ್ಲಿನ ಮಟ್ಟ ಸರ್ರನೆ ಇಳಿಯುತ್ತದೆ, ದೊಡ್ಡ ಗುಳ್ಳೆಗಳು ಮೇಲೆ ಬರುತ್ತವೆ; ಮತ್ತೆ ತುಂಬಿ. ಎಂಜಿನ್ ವೇಗವನ್ನು ಸ್ವಲ್ಪ ಹೊತ್ತು ನಿಮಿಷಕ್ಕೆ 2000 ಸುತ್ತುಗಳ ಆಸುಪಾಸಿಗೆ ಏರಿಸಿ ಇಳಿಸಿದರೆ ಹೀಟರಿನಲ್ಲಿ ಅಡಗಿದ ಗಾಳಿ ಹೊರಡುತ್ತದೆ. ಫ್ಯಾನ್ ಒಂದೆರಡು ಸಲ ತಿರುಗಿ ನಿಂತು, ಹೀಟರಿನಿಂದ ಸಮನಾದ ಬಿಸಿ ಬರುತ್ತಿದ್ದರೆ ಕೆಲಸ ಮುಗಿಯಿತು. ಮುಳ್ಳು ಕೆಂಪಿನ ಕಡೆಗೆ ಸಾಗಿದರೆ ತಕ್ಷಣ ಎಂಜಿನ್ ನಿಲ್ಲಿಸಿ.

ಇಷ್ಟಾದರೂ ಥರ್ಮೋಸ್ಟಾಟ್ ತೆರೆಯದಿದ್ದರೆ ಅದನ್ನು ಜೋಡಿಸಿದ ರೀತಿ ನೋಡಬೇಕು. ಅದರ ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇರುವ ರಂಧ್ರವೊಂದು ಇದ್ದರೆ, ಅದು ಗಾಳಿ ಪಾರಾಗಲೆಂದೇ ಇರುವ ದಾರಿ; ಥರ್ಮೋಸ್ಟಾಟ್ ಲಂಬವಾಗಿ ನಿಲ್ಲುವ ಎಂಜಿನ್‌ಗಳಲ್ಲಿ ಅದು ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಥರ್ಮೋಸ್ಟಾಟನ್ನು ತೆರೆಸುವ ಮೇಣದ ಗುಂಡು ಬಿಸಿ ದ್ರವ ತಾಗದೆ ತಡವಾಗಿ ಹಿಗ್ಗುತ್ತದೆ, ಅಷ್ಟರಲ್ಲಿ ಎಂಜಿನ್ ಕಾದಿರುತ್ತದೆ.

ಇನ್ನೊಬ್ಬರ ಉತ್ತರ

ಬೇರೆ ಮಾದರಿಯ ಕಾರಿನವರಿಗಾಗಿ ಒಂದು ಮಾತು. ರೇಡಿಯೇಟರಿಗೆ ಮುಚ್ಚಳವೇ ಇಲ್ಲದೆ ಬಾಟಲಿಯೇ ಒತ್ತಡದಲ್ಲಿರುವ ವಾಹನಗಳಲ್ಲಿ ಸಾಮಾನ್ಯವಾಗಿ ಸಣ್ಣ ಹೋಸ್ ಒಂದು ಗಾಳಿಯನ್ನು ತಾನಾಗಿ ಬಾಟಲಿಗೆ ಮರಳಿಸುತ್ತದೆ. ಕೆಲವದರಲ್ಲಿ ಗಾಳಿ ಹೊರಬಿಡಲೆಂದೇ ಬ್ಲೀಡ್ ಸ್ಕ್ರೂ ಕೂಡ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಕೂಡಲೇ ಮುಚ್ಚಬೇಕು. ಪ್ಲಾಸ್ಟಿಕ್ ಸ್ಕ್ರೂವಿನ ಮೇಲೆ ಬಲಪ್ರಯೋಗ ಬೇಡ.

ಪ್ರಶ್ನೆ ಕೇಳಿದವರು

ಹೀಟರ್ ಈಗ ಬಿಸಿಯಾಗುತ್ತಿದೆ, ಮುಳ್ಳೂ ಸ್ಥಿರವಾಗಿದೆ. ಆದರೆ ರಾತ್ರಿಯಿಡೀ ನಿಲ್ಲಿಸಿದ ಮೇಲೆ ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ, ಮುಚ್ಚಳ ತೆಗೆದರೆ ರೇಡಿಯೇಟರಿನ ಮಟ್ಟ ತುಸು ಕೆಳಗಿರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಸೀಲು) ಹೋಗಿರಬಹುದೇ?

ಉತ್ತರ

ಚಪ್ಪಟೆಯಾದ ಹೋಸ್ ಗ್ಯಾಸ್ಕೆಟಿನ ಲಕ್ಷಣವಲ್ಲ, ಬಹುಪಾಲು ಮುಚ್ಚಳದ್ದು. ಮುಚ್ಚಳದಲ್ಲಿ ಎರಡು ವಾಲ್ವ್‌ಗಳಿವೆ: ಒಂದು ಹೆಚ್ಚಾದ ಒತ್ತಡವನ್ನು ಬಾಟಲಿಗೆ ಬಿಡುತ್ತದೆ, ಇನ್ನೊಂದು ಎಂಜಿನ್ ತಣಿಯುವಾಗ ಬಾಟಲಿಯ ಕೂಲಂಟನ್ನು ಮರಳಿ ಒಳಗೆ ಬಿಡುತ್ತದೆ. ಈ ಎರಡನೆಯದು ಅಂಟಿಕೊಂಡರೆ, ಅಥವಾ ಬಾಟಲಿಗೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡರೆ, ಒಳಗೆ ನಿರ್ವಾತ ಉಂಟಾಗಿ ಹೋಸ್ ಕುಗ್ಗುತ್ತದೆ. ಕೊಳವೆಯನ್ನು ಶುಚಿಮಾಡಿ, ಅದೇ ಒತ್ತಡದ ಅಂಕಿಯಿರುವ ಹೊಸ ಮುಚ್ಚಳ ಹಾಕಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಗ್ಯಾಸ್ಕೆಟ್ ಸೋರಿದಾಗ ಕಾಣುವುದು ಇದಕ್ಕೆ ವಿರುದ್ಧವಾದದ್ದು. ತಣ್ಣನೆಯ ಎಂಜಿನ್ ಚಾಲೂ ಆದ ಒಂದೆರಡು ನಿಮಿಷದಲ್ಲೇ, ಅಂದರೆ ಬಿಸಿಯಿಂದ ಒತ್ತಡ ಹುಟ್ಟುವ ಮೊದಲೇ, ಹೋಸ್ ಕಲ್ಲಿನಂತಾಗುತ್ತದೆ, ಆಲಿಕೆಯಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ಉಳಿದುಹೋದ ಗಾಳಿಗೆ ಕೊನೆಯಿದೆ, ಸಿಲಿಂಡರಿನಿಂದ ಬರುವ ಅನಿಲಕ್ಕೆ ಇಲ್ಲ. ಅಂಥ ಸಂದೇಹ ಬಂದರೆ ರೇಡಿಯೇಟರಿನ ಬಾಯಿಯ ಮೇಲಿನ ಆವಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆ ಮಾಡಿಸಿ. ದಹನದ ಅನಿಲವಿದ್ದರೆ ನೀಲಿ ಹಳದಿಯಾಗುತ್ತದೆ. ಕೂಲಂಟ್ ಆ ದ್ರಾವಣಕ್ಕೆ ಸೇರಿದರೆ ಫಲಿತಾಂಶ ಕೆಡುತ್ತದೆ, ಆದ್ದರಿಂದ ಮೊದಲು ಮಟ್ಟವನ್ನು ಸ್ವಲ್ಪ ಇಳಿಸಿಕೊಳ್ಳಬೇಕು.

ಮಟ್ಟ ತುಂಬಿಸುವಾಗ ಕೊಳವೆಬಾವಿಯ ಗಡಸು ನೀರು ಬೇಡ, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟನ್ನೇ ಹಾಕಿ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ. ಗ್ಲೈಕಾಲಿಗೆ ಸಿಹಿ ರುಚಿಯಿದ್ದು, ನಾಯಿ ಬೆಕ್ಕುಗಳು ನೆಕ್ಕಿದರೆ ಪ್ರಾಣಕ್ಕೇ ಅಪಾಯ.