ವಿಕ್ಟೋರಿಯಾ ರಾಣಿಗೆ ಅಕ್ಕ ಇದ್ದಳಂತೆ, ಹಾಗಾದ್ರೆ ಪಟ್ಟ ತಂಗಿಗೆ ಯಾಕೆ ಸಿಕ್ತು?

ದುರ್ಗದ ಹುಡುಗಿ (ಚಿತ್ರದುರ್ಗ):
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಕ್ವಿಜ್‌ಗೆ ಓದ್ತಾ ಇದ್ದೆ. ವಿಕ್ಟೋರಿಯಾ ರಾಣಿಗೆ ಫಿಯೊಡೋರಾ ಅಂತ ಒಬ್ಬಳು ಅಕ್ಕ ಇದ್ದಳು, ಜರ್ಮನಿಯ ರಾಜಕುಮಾರಿ, ಹುಟ್ಟಿದ್ದು 1807ರಲ್ಲಿ ಅಂತ ಒಂದೇ ಸಾಲು ಸಿಕ್ಕಿತು. ವಿಕ್ಟೋರಿಯಾ ಹುಟ್ಟಿದ್ದು 1819. ಅಂದ್ರೆ ಅಕ್ಕ ಹನ್ನೊಂದು ವರ್ಷಕ್ಕಿಂತ ಜಾಸ್ತಿ ದೊಡ್ಡವಳು. ಅವಳು ಬದುಕಿರುವಾಗಲೇ ತಂಗಿಗೆ ಪಟ್ಟ ಕಟ್ಟಿದ್ದು ಹೇಗೆ? "ಏನೋ ಜಗಳ ಆಗಿರುತ್ತೆ, ಮನೆಯಿಂದ ಹೊರಗೆ ಹಾಕಿರ್ತಾರೆ" ಅಂತ ನನ್ನ ರೂಮ್‌ಮೇಟ್ ಆಗಲೇ ತೀರ್ಪು ಕೊಟ್ಟಿದ್ದಾಳೆ. ಗೊತ್ತಿರೋರು ಹೇಳಿ.

ವಿದ್ಯಾನಗರದ ಮೇಷ್ಟ್ರು (ದಾವಣಗೆರೆ):
ಜಗಳ ಏನೂ ಇಲ್ಲಮ್ಮ. ತಾಯಿ ಒಬ್ಬಳೇ, ತಂದೆ ಬೇರೆ. ಇಂಗ್ಲೆಂಡಿನ ಪಟ್ಟ ಬಂದದ್ದು ವಿಕ್ಟೋರಿಯಾಳ ಅಪ್ಪನ ಕಡೆಯಿಂದ. ಅವನು ಮೂರನೇ ಜಾರ್ಜ್ ದೊರೆಯ ಮಗ, ಕೆಂಟ್‌ನ ಡ್ಯೂಕ್ ಎಡ್ವರ್ಡ್. ಫಿಯೊಡೋರಾಳ ಅಪ್ಪ ಲೈನಿಂಗನ್ ಅನ್ನೋ ಸಣ್ಣ ಜರ್ಮನ್ ಮನೆತನದ ಎಮಿಚ್ ಕಾರ್ಲ್. ಆ ಮನೆಗೂ ಇಂಗ್ಲೆಂಡಿನ ಸಿಂಹಾಸನಕ್ಕೂ ಸಂಬಂಧವೇ ಇಲ್ಲ.

ಇಬ್ಬರಿಗೂ ತಾಯಿ ಕೋಬರ್ಗ್ ಮನೆತನದ ಹೆಣ್ಣುಮಗಳು, ಅವಳ ಹೆಸರೂ ವಿಕ್ಟೋರಿಯಾನೇ. ಮೊದಲ ಮದುವೆ ಆದಾಗ ಅವಳಿಗೆ 17, ಗಂಡನಿಗೆ 40. ಕಾರ್ಲ್, ಫಿಯೊಡೋರಾ ಅಂತ ಎರಡು ಮಕ್ಕಳು. 1814ರಲ್ಲಿ ಗಂಡ ತೀರಿಕೊಂಡ. ಆಮೊರ್‌ಬಾಖ್ ಅನ್ನೋ ಸಣ್ಣ ಊರಲ್ಲಿ ಸುಮ್ನೆ ಇದ್ದಳು. 1817ರಲ್ಲಿ ಇಂಗ್ಲೆಂಡಿನಲ್ಲಿ ಶಾರ್ಲಟ್ ರಾಜಕುಮಾರಿ ಹೆರಿಗೆಯಲ್ಲಿ ಸತ್ತಳು. ಮೂರನೇ ಜಾರ್ಜ್‌ಗೆ ಅಷ್ಟೊಂದು ಮಕ್ಕಳಿದ್ದರೂ ಪಟ್ಟಕ್ಕೆ ಬರಬಲ್ಲ ಮೊಮ್ಮಗು ಅಂತ ಇದ್ದದ್ದು ಅವಳೊಬ್ಬಳೇ, ಅವಳೇ ಹೋದಮೇಲೆ ಐವತ್ತರ ಅಂಚಿಗೆ ಬಂದಿದ್ದ, ಮದುವೆಯಾಗದ ಗಂಡುಮಕ್ಕಳು ತರಾತುರಿಯಲ್ಲಿ ಹೆಣ್ಣು ಹುಡುಕೋಕೆ ಶುರು ಮಾಡಿದರು. ಎಡ್ವರ್ಡ್ 1818ರಲ್ಲಿ ಈ ವಿಧವೆಯನ್ನು ಮದುವೆಯಾದ. ಶಾರ್ಲಟ್‌ಳ ಗಂಡ ಲಿಯೊಪೋಲ್ಡ್ ಇವಳ ತಮ್ಮನೇ.

ಮುಂದಿನದು ನನಗೆ ತುಂಬಾ ಇಷ್ಟ. ಎಡ್ವರ್ಡ್‌ಗೆ ಮೈತುಂಬಾ ಸಾಲ. ಆದರೆ ಮಗು ಇಂಗ್ಲೆಂಡಿನ ನೆಲದಲ್ಲೇ ಹುಟ್ಟಬೇಕು ಅಂತ ಹಟ. 1819ರ ವಸಂತದಲ್ಲಿ ತುಂಬು ಬಸುರಿ ಹೆಂಡತಿಯನ್ನು ಕೂರಿಸಿಕೊಂಡು, ಕೋಚ್‌ಮನ್‌ಗೆ ಕೊಡೋ ಕಾಸು ಉಳಿಸೋಕೆ ತಾನೇ ಗಾಡಿ ಹೊಡೆದುಕೊಂಡು ಆಮೊರ್‌ಬಾಖ್‌ನಿಂದ ಫ್ರಾನ್ಸಿನ ಬಂದರು ಕ್ಯಾಲೆವರೆಗೆ ಬಂದ. ಅದೇ ಪ್ರಯಾಣದಲ್ಲಿ ಹನ್ನೊಂದು ವರ್ಷದ ಫಿಯೊಡೋರಾ ಇದ್ದಳು, ಅವಳಿಗೆ ಪಾಠ ಹೇಳೋ ಲೇಹ್ಜೆನ್ ಇದ್ದಳು. ಮುಂದೆ ವಿಕ್ಟೋರಿಯಾಳನ್ನು ಬೆಳೆಸಿದಳು ಅಂತ ಚರಿತ್ರೆಯಲ್ಲಿ ಹೆಸರು ಬರುತ್ತಲ್ಲ, ಅದೇ ಲೇಹ್ಜೆನ್. ಮೊದಲು ಬಂದದ್ದು ಅಕ್ಕನಿಗೋಸ್ಕರ. ಮೇ 24ಕ್ಕೆ ವಿಕ್ಟೋರಿಯಾ ಹುಟ್ಟಿದಳು. ಮಗುವಿಗೆ ಎಂಟು ತಿಂಗಳು ತುಂಬೋದರೊಳಗೆ ಎಡ್ವರ್ಡ್ ಹೋದ.

ಕೋಟೆ ಬಾಗಿಲು (ಚಿತ್ರದುರ್ಗ):
ಮದಕರಿ ನಾಯಕರ ಊರಲ್ಲಿ ಕೂತು ಜರ್ಮನಿ ರಾಜಕುಮಾರಿ ಪುರಾಣ ಯಾಕ್ರೀ ನಮಗೆ 😄 ಅದಿರಲಿ, ಯಾವ ರಾಜ್ಯಕ್ಕೆ ರಾಜಕುಮಾರಿ ಇವಳು? ಮ್ಯಾಪಲ್ಲಿ ಹುಡುಕಿದೆ, ಲೈನಿಂಗನ್ ಅಂತ ದೇಶವೇ ಕಾಣಲಿಲ್ಲ.

ವಿದ್ಯಾನಗರದ ಮೇಷ್ಟ್ರು:
ಕಾಣೋದಿಲ್ಲ, ಅವಳು ಹುಟ್ಟೋ ಮೊದಲೇ ರಾಜ್ಯ ಹೋಗಿತ್ತು. 1806ರಲ್ಲಿ ನೆಪೋಲಿಯನ್ ಕಾಲದಲ್ಲಿ ಜರ್ಮನಿಯ ಎಷ್ಟೋ ಸಣ್ಣ ಸಂಸ್ಥಾನಗಳನ್ನು ಪಕ್ಕದ ದೊಡ್ಡ ರಾಜ್ಯಗಳಿಗೆ ಸೇರಿಸಿದರು. ಲೈನಿಂಗನ್ ಹಾಗೇ ಹೋಯಿತು. ಅವಳು ಮದುವೆಯಾಗಿ ಹೋದ ಹೊಹೆನ್‌ಲೊಹೆ-ಲಾಂಗನ್‌ಬುರ್ಗ್ ಕೂಡ ವುರ್ಟೆಂಬರ್ಗ್ ಪಾಲಾಗಿತ್ತು. ಆಳೋ ಅಧಿಕಾರ ಮಾತ್ರ ಹೋಯಿತು. ಕೋಟೆ, ಜಮೀನು, ಬಿರುದು ಉಳಿದವು. ಆಳುವ ಮನೆತನಗಳ ಜೊತೆ ಸರಿಸಮನಾಗಿ ಹೆಣ್ಣು ಕೊಟ್ಟು ತರೋ ಹಕ್ಕೂ ಉಳಿಯಿತು. ಇಂಥ ಮನೆಗಳಿಗೆ ಆಮೇಲೆ ಅದೇ ಬಂಡವಾಳ ಅನ್ನಿ.

ಹರಿಹರದ ಸೊಸೆ:
ನಾನು ಇತಿಹಾಸ ಓದಿದವಳಲ್ಲ, ಆದರೆ ಸಂಬಂಧ ಅಂದ್ರೆ ಬಿಡೋದಿಲ್ಲ. ರಾತ್ರಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಮ್ಮತ್ತೆ ಜೊತೆ ಕೂತು ಇವರ ವಂಶವೃಕ್ಷ ಹಾಳೆ ಮೇಲೆ ಬರೆದೆ. ವಿಕ್ಟೋರಿಯಾ ಮದುವೆಯಾದ ಆಲ್ಬರ್ಟ್ ಅವಳ ತಾಯಿಯ ಅಣ್ಣನ ಮಗ. ಸೋದರಮಾವನ ಮಗ, ಅಚ್ಚುಕಟ್ಟು ಸಂಬಂಧ, "ನಮ್ಮೋರೇ ಬಿಡು" ಅಂದರು ನಮ್ಮತ್ತೆ.

ಮುಂದೆ ನೋಡಿ. ಫಿಯೊಡೋರಾಳ ಮಗಳು ಅಡೆಲ್‌ಹೈಡ್, ವಿಕ್ಟೋರಿಯಾಳ ಮಗಳು ವಿಕಿ. ಅಕ್ಕತಂಗಿಯರ ಮಕ್ಕಳು, ಹಾಗಾಗಿ ಅವರೂ ಅಕ್ಕತಂಗಿಯರೇ ಅಲ್ವಾ? ಅಡೆಲ್‌ಹೈಡ್ ಮಗಳು ಆಗಸ್ಟಾ ವಿಕ್ಟೋರಿಯಾ, ವಿಕಿ ಮಗ ವಿಲ್‌ಹೆಲ್ಮ್. ಇವರಿಬ್ಬರಿಗೆ 1881ರಲ್ಲಿ ಮದುವೆ ಮಾಡಿದ್ದಾರೆ! ಅವಳು 1858ರ ಅಕ್ಟೋಬರ್, ಅವನು 1859ರ ಜನವರಿ. ನಮ್ಮ ಲೆಕ್ಕದಲ್ಲಿ ಶುದ್ಧ ಅಕ್ಕ-ತಮ್ಮ ವರಸೆ. ಅತ್ತೆ ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟು "ಥೂ, ಹಿರಿಯರು ಯಾರೂ ಇರಲಿಲ್ವಾ ಆ ಮನೇಲಿ?" ಅಂದರು.

ವಿದ್ಯಾನಗರದ ಮೇಷ್ಟ್ರು:
ಹಿರಿಯರೇ ನಿಂತು ಮಾಡಿಸಿದ ಮದುವೆ ಅಕ್ಕಾ ಅದು. ಅವನೇ ಮುಂದೆ ಕೈಸರ್ ಆದ ಎರಡನೇ ವಿಲ್‌ಹೆಲ್ಮ್, ಅವಳು ಜರ್ಮನಿಯ ಕೊನೆಯ ಮಹಾರಾಣಿ. ನಿಮ್ಮತ್ತೆಗೆ ಇದನ್ನೂ ಹೇಳಿ. ಫಿಯೊಡೋರಾಳ ಅಪ್ಪ ಎಮಿಚ್ ಕಾರ್ಲ್‌ಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ, ಎರಡನೇ ಹೆಂಡತಿಯ ಸ್ವಂತ ಚಿಕ್ಕಮ್ಮ. ಅಂದ್ರೆ ಹುಡುಗಿ ಮದುವೆಯಾದದ್ದು ಚಿಕ್ಕಪ್ಪನನ್ನೇ.

ಹರಿಹರದ ಸೊಸೆ:
ಹೇಳೋದಿಲ್ಲ. ಊಟ ಬಿಟ್ಟುಬಿಡ್ತಾರೆ.

ದುರ್ಗದ ಹುಡುಗಿ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆದರೆ ಅವಳ ಜೀವನ ಹೇಗಿತ್ತು? ತಂಗಿ ಅಷ್ಟು ದೊಡ್ಡ ರಾಣಿ, ತಾನು ಯಾವುದೋ ಮೂಲೆಯಲ್ಲಿ. ಹೊಟ್ಟೆಕಿಚ್ಚು ಇರಲಿಲ್ವಾ?

ವಿದ್ಯಾನಗರದ ಮೇಷ್ಟ್ರು:
ಪಟ್ಟ ಇಲ್ಲದ್ದರಿಂದ ಅವಳಿಗೆ ಲಾಭವೇ ಆಯಿತು ಅಂತ ನನ್ನ ಅಭಿಪ್ರಾಯ. ಎಡ್ವರ್ಡ್ ಸತ್ತಮೇಲೆ ಕೆನ್ಸಿಂಗ್ಟನ್ ಅರಮನೆಯಲ್ಲಿ ತಾಯಿಯೂ ಅವಳ ಆಪ್ತ ಜಾನ್ ಕಾನ್ರಾಯ್‌ಯೂ ಸೇರಿ ವಿಕ್ಟೋರಿಯಾಳನ್ನು ಸರಿಯಾಗಿ ಉಸಿರಾಡೋಕೂ ಬಿಡದ ಹಾಗೆ ಸಾಕಿದರು. ಯಾರಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯೋ ಹಾಗಿಲ್ಲ. ರಾಣಿಯಾಗೋ ದಿನದವರೆಗೂ, ಅಂದ್ರೆ 18 ತುಂಬಿದ ಮೇಲೂ, ತಾಯಿಯ ಕೋಣೆಯಲ್ಲೇ ಮಲಗಬೇಕಿತ್ತು. ಅಕ್ಕನಿಗೂ ಆ ಮನೆ ಜೈಲೇ ಆಗಿತ್ತು. 1828ರ ಫೆಬ್ರವರಿಯಲ್ಲಿ 20ನೇ ವಯಸ್ಸಿಗೆ, ಸರಿಯಾಗಿ ಪರಿಚಯವೂ ಇಲ್ಲದ ಹೊಹೆನ್‌ಲೊಹೆ-ಲಾಂಗನ್‌ಬುರ್ಗ್ ಮನೆತನದ ಎರ್ನ್‌ಸ್ಟ್‌ನನ್ನು ಮದುವೆಯಾಗಿ ಹೊರಟುಬಿಟ್ಟಳು. ಮದುವೆ ದಿನ ಎಂಟು ವರ್ಷದ ತಂಗಿ ಬಿಳಿ ಬಟ್ಟೆ ತೊಟ್ಟು, ಬುಟ್ಟಿ ಹಿಡಿದು ಬಂದವರಿಗೆಲ್ಲ ಕಾಣಿಕೆ ಹಂಚುತ್ತಾ ಓಡಾಡಿದ್ದನ್ನು ಎಷ್ಟೋ ವರ್ಷದ ಮೇಲೆ ಕಾಗದದಲ್ಲಿ ನೆನೆಸಿಕೊಂಡಿದ್ದಾಳೆ. ನಾನು ಮದುವೆಯಾಗಿ ಆ ಸೆರೆಯಿಂದ ಕೆಲವು ವರ್ಷ ಮೊದಲೇ ಪಾರಾದೆ, ನೀನು ಪಾಪ ಆಮೇಲೂ ಅನುಭವಿಸಿದೆ ಅಂತಲೂ ಬರೆದಿದ್ದಾಳೆ. ಹೊಟ್ಟೆಕಿಚ್ಚು ಇದ್ದವರು ಹೀಗೆ ಬರೆಯಲ್ಲಮ್ಮ.

ಸುಖ ಅಂದ್ರೆ ರೇಷ್ಮೆ-ಬಂಗಾರ ಅಲ್ಲ. ಲಾಂಗನ್‌ಬುರ್ಗ್ ಕೋಟೆ ದೊಡ್ಡದು, ಚಳಿ, ಕೈಯಲ್ಲಿ ದುಡ್ಡು ಕಡಿಮೆ. ಆರು ಮಕ್ಕಳು. ಹಿರಿಯ ಮಗ ಸಾಮಾನ್ಯರ ಮನೆ ಹುಡುಗಿಯನ್ನು ಮದುವೆಯಾಗೋಕೆ 1860ರಲ್ಲಿ ತನ್ನ ಹಕ್ಕನ್ನೇ ತಮ್ಮನಿಗೆ ಬಿಟ್ಟುಕೊಟ್ಟ. ಇನ್ನೊಬ್ಬ ಮಗ ವಿಕ್ಟರ್ ಬ್ರಿಟಿಷ್ ನೌಕಾಪಡೆ ಸೇರಿದ, ಬಿಟ್ಟಮೇಲೆ ಶಿಲ್ಪಿಯಾದ. ಇಂಗ್ಲೆಂಡಿನ ವಾಂಟೇಜ್‌ನಲ್ಲಿರೋ ಆಲ್‌ಫ್ರೆಡ್ ದೊರೆಯ ಪ್ರತಿಮೆ ಅವನ ಕೈಯದು. ಅಡೆಲ್‌ಹೈಡ್‌ಗೆ 17 ಇದ್ದಾಗ, 1852ರಲ್ಲಿ, ಫ್ರಾನ್ಸಿನ ಮೂರನೇ ನೆಪೋಲಿಯನ್ ಹೆಣ್ಣು ಕೇಳಿದ. ಮನೆಯವರು ಒಪ್ಪಲಿಲ್ಲ. ಒಂದು ತಿಂಗಳಲ್ಲೇ ಅವನು ಬೇರೆ ಹುಡುಗಿಯನ್ನು ಮದುವೆಯಾದ, ಆ ವಿಷಯ ಬಿಡಿ.

ದುಃಖವೂ ಇತ್ತು. ಹಿರಿ ಮಗಳು ಎಲಿಸ್ 1850ರಲ್ಲಿ ಹೋದಳು, ಗಂಡ 1860ರಲ್ಲಿ. 1872ರಲ್ಲಿ ತನ್ನದೇ ಹೆಸರಿನ ಕಿರಿ ಮಗಳು ಜ್ವರದಲ್ಲಿ ಸತ್ತಳು, ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಬಾಡನ್-ಬಾಡನ್‌ನಲ್ಲಿ ಇವಳೂ ಕಣ್ಣುಮುಚ್ಚಿದಳು. ಅವಳ ಕಾಗದಗಳ ಮಧ್ಯೆ 1854ರಲ್ಲೇ ತಂಗಿಗೆ ಅಂತ ಬರೆದಿಟ್ಟ ಒಂದು ಪತ್ರ ಸಿಕ್ಕಿತು. ನೀನು ಮಾಡಿದ್ದಕ್ಕೆ, ತೋರಿಸಿದ ಪ್ರೀತಿಗೆ ಎಷ್ಟು ಹೇಳಿದರೂ ಸಾಲದು ಅಂತ.

ಕೋಟೆ ಬಾಗಿಲು:
ಸರಿ ಮೇಷ್ಟ್ರೇ, ಒಪ್ಪಿದೆ. ಆದರೆ ಅದೇ 1852ರಲ್ಲಿ ವಿಕ್ಟೋರಿಯಾ ರಾಣಿ ನಮ್ಮ ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ತಾನೇ ಧರ್ಮಮಾತೆಯಾಗಿ ನಿಂತು, ತನ್ನ ಹೆಸರನ್ನೇ ಇಟ್ಟು ಕ್ರೈಸ್ತಳನ್ನಾಗಿ ಮಾಡಿಸಿದಳು. ರಾಜ್ಯ ಕಿತ್ತುಕೊಂಡವರೇ ಮಗಳನ್ನು ಸಾಕಿದ್ದು. ಆ ಹುಡುಗಿ 1864ರಲ್ಲಿ, ಇಪ್ಪತ್ತಮೂರು ಆಗೋ ಹೊತ್ತಿಗೇ ಹೋದಳು. ಕ್ವಿಜ್‌ನಲ್ಲಿ ಫಿಯೊಡೋರಾ ಕೇಳ್ತಾರೋ ಇಲ್ವೋ ಗೊತ್ತಿಲ್ಲ, ಗೌರಮ್ಮನನ್ನು ಕೇಳಿದರೆ ಬಿಡಬೇಡಮ್ಮ.