ಫ್ಯಾಂಟಸಿ ಕಾದಂಬರಿ: ಮೊದಲು ಓದಿಸೋದಾ, ಸಿನಿಮಾ ತೋರಿಸೋದಾ?

ದಾವಣಗೆರೆಯಿಂದ ಪ್ರಶ್ನೆ:
ಮಗಳು ಆರನೇ ಕ್ಲಾಸು. ಇಂಗ್ಲಿಷ್ ಓದೋಕೆ ಬರುತ್ತೆ, ಆದರೆ ದಪ್ಪ ಪುಸ್ತಕ ಕಂಡರೆ ಮುಖ ತಿರುಗಿಸುತ್ತಾಳೆ. ಬೇಸಿಗೆ ರಜೆಯಲ್ಲಿ ಹ್ಯಾರಿ ಪಾಟರ್, ಹಾಬಿಟ್, ಲಾರ್ಡ್ ಆಫ್ ದಿ ರಿಂಗ್ಸ್ ಥರದ್ದು ಏನಾದರೂ ಶುರು ಮಾಡಿಸೋಣ ಅಂತ ಆಸೆ. ನಮ್ಮ ಯಜಮಾನರು "ಸಿನಿಮಾನೇ ಇದೆಯಲ್ಲ, ತೋರಿಸಿದರೆ ಮುಗೀತು" ಅಂತಾರೆ. ಸಿನಿಮಾ ನೋಡಿಬಿಟ್ಟರೆ ಆಮೇಲೆ ಅವಳು ಪುಸ್ತಕ ಮುಟ್ಟಲ್ಲ ಅನ್ನೋದು ನನ್ನ ಭಯ. ಎರಡನ್ನೂ ಓದಿ, ನೋಡಿದವರು ಹೇಳಿ. ಯಾವುದು ಮೊದಲು?

ಮೈಸೂರಿನಿಂದ:
ಮೇಡಂ, ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಹಾಬಿಟ್ ಆದರೆ ಕಣ್ಣು ಮುಚ್ಚಿಕೊಂಡು ಪುಸ್ತಕ ಮೊದಲು. ಟೋಲ್ಕಿನ್ ಅದನ್ನು ಮಕ್ಕಳಿಗೆ ಅಂತಲೇ ಬರೆದದ್ದು, 1937ರಲ್ಲಿ ಬಂತು. ಮುನ್ನೂರು ಪುಟದ ಆಸುಪಾಸು, 19 ಅಧ್ಯಾಯ. ದಿನಕ್ಕೊಂದು ಅಧ್ಯಾಯ ಓದಿದರೂ ರಜೆ ಇನ್ನೂ ಉಳಿದಿರುತ್ತೆ. ಇಷ್ಟು ಪುಟ್ಟ ಕಥೆಯನ್ನು ಪೀಟರ್ ಜಾಕ್ಸನ್ 2012, 2013, 2014ರಲ್ಲಿ ಮೂರು ಸಿನಿಮಾ ಮಾಡಿ ಹತ್ತಿರ ಹತ್ತಿರ ಎಂಟು ಗಂಟೆಗೆ ಎಳೆದರು. ಎಳೆಯೋಕೆ ಸರಕು ಬೇಕಲ್ಲ! ಪುಸ್ತಕದಲ್ಲಿ ಇಲ್ಲದ ಟಾರಿಯಲ್ ಅನ್ನೋ ಎಲ್ಫ್ (ಯಕ್ಷರಂಥ ಕುಲ) ಹುಡುಗಿ ಬಂದಳು, ಅವಳಿಗೊಂದು ಪ್ರೇಮ ಪ್ರಕರಣ ಬಂತು, ಈ ಕಥೆಯಲ್ಲಿ ಹೆಸರೂ ಕಾಣದ, ಲಾರ್ಡ್ ಆಫ್ ದಿ ರಿಂಗ್ಸ್‌ನ ಲೆಗೊಲಾಸ್ ಕೂಡ ಬಿಲ್ಲು ಹಿಡಿದು ಬಂದ. ಪುಸ್ತಕದ ಕೊನೆಯ ಯುದ್ಧದಲ್ಲಿ ಕಥಾನಾಯಕ ಬಿಲ್ಬೋ (ಹಾಬಿಟ್ ಅನ್ನೋ ಕುಳ್ಳ ಜನರಲ್ಲಿ ಒಬ್ಬ) ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತಾನೆ, ಕಣ್ಣು ಬಿಡೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಕೆಲವೇ ಪುಟದ ಮಾತು. ಸಿನಿಮಾದ ಮೂರನೇ ಭಾಗದಲ್ಲಿ ಕಡಿದಾಡಿದ್ದೂ ಕಡಿದಾಡಿದ್ದೇ.

ಆದರೆ ಮೊದಲನೇ ಭಾಗದ ಒಂದು ದೃಶ್ಯಕ್ಕೆ ಕೈ ಮುಗೀಬೇಕು. ಕತ್ತಲೆ ಗುಹೆಯಲ್ಲಿ ಬಿಲ್ಬೋ ಮತ್ತು ಅಲ್ಲೇ ವಾಸ ಮಾಡೋ ಗಾಲಮ್ ಒಗಟು ಹಾಕಿಕೊಳ್ಳೋದು. ಪುಸ್ತಕದಲ್ಲಿ ಐದನೇ ಅಧ್ಯಾಯ. ಬಿಲ್ಬೋ ಗೆದ್ದರೆ ಗಾಲಮ್ ದಾರಿ ತೋರಿಸಬೇಕು, ಸೋತರೆ ಬಿಲ್ಬೋನೇ ಅವನ ಊಟ. ಗಾಲಮ್ ಹಾಕೋ ಕೊನೆ ಒಗಟಿಗೆ ಬಿಲ್ಬೋಗೆ ಏನೂ ಹೊಳೆಯಲ್ಲ. ಇನ್ನೂ ಸ್ವಲ್ಪ ಟೈಮ್ ಕೊಡು ಅಂತ ಕೂಗೋಕೆ ಹೋಗ್ತಾನೆ, ಗಾಬರಿಗೆ ಬರೀ "ಟೈಮ್, ಟೈಮ್" ಅಂತಷ್ಟೇ ಬಾಯಿಂದ ಬರುತ್ತೆ. ಉತ್ತರ ಅದೇ! ಮಗಳಿಗೆ ಓದಿ ಹೇಳುವಾಗ ಪ್ರತಿ ಒಗಟಿಗೂ ನಿಲ್ಲಿಸಿ, ಅವಳೇ ಬಿಡಿಸಲಿ. ಅಧ್ಯಾಯ ಮುಗಿದ ಮೇಲೆ ಆ ಹತ್ತು ನಿಮಿಷದ ದೃಶ್ಯ ಮಾತ್ರ ಹಾಕಿ ತೋರಿಸಿ. ನಮ್ಮ ಮನೆಯಲ್ಲಿ ಹೀಗೇ ಮಾಡಿದ್ದು. ಮಗ ಸಿನಿಮಾ ನೋಡುತ್ತಾ "ಕೆಲವು ಒಗಟು ಬಿಟ್ಟುಬಿಟ್ಟಿದ್ದಾರೆ" ಅಂತ ಜಗಳಕ್ಕೇ ಬಂದ.

ಧಾರವಾಡದಿಂದ:
ಹಾಬಿಟ್ ವಿಷಯ ಒಪ್ಪಿದೆ. ಆದರೆ ಲಾರ್ಡ್ ಆಫ್ ದಿ ರಿಂಗ್ಸ್‌ಗೆ ಇದೇ ಲೆಕ್ಕ ಹಾಕಬೇಡ್ರಿ ಅಕ್ಕಾ. ಅದಕ್ಕೆ ಸಿನಿಮಾನೇ ಮೊದಲು, ಅದೂ ಇನ್ನೊಂದೆರಡು ವರ್ಷ ಬಿಟ್ಟು. ಪುಸ್ತಕ 1954, 55ರಲ್ಲಿ ಮೂರು ಸಂಪುಟವಾಗಿ ಬಂದದ್ದು. ಶುರುವಿನಲ್ಲೇ ಹಾಬಿಟ್‌ಗಳ ವಂಶ, ಊಟ, ಹೊಗೆಸೊಪ್ಪು ಅಂತ ಒಂದು ದೊಡ್ಡ ಪೀಠಿಕೆ. ಅದನ್ನು ದಾಟಿದರೆ ಬಿಲ್ಬೋನ ಹುಟ್ಟುಹಬ್ಬಕ್ಕೂ ಅವನ ಸಂಬಂಧಿ ಫ್ರೋಡೋ ಮನೆ ಬಿಡೋದಕ್ಕೂ ನಡುವೆ 17 ವರ್ಷ. ಸಿನಿಮಾದಲ್ಲಿ ಈ 17 ವರ್ಷ ಗೊತ್ತೇ ಆಗದ ಹಾಗೆ ದಾಟಿಸಿದ್ದಾರೆ. ಟಾಮ್ ಬಾಂಬಡಿಲ್ ಅಂತ ಒಬ್ಬ ಕಾಡಿನ ಆಸಾಮಿ ಬರ್ತಾನೆ, ಹಾಡ್ತಾನೆ, ಕುಣಿತಾನೆ. ಸಿನಿಮಾದಲ್ಲಿ ಅವನೇ ಇಲ್ಲ. ನನಗಂತೂ ಬೇಜಾರಾಗಲಿಲ್ಲ. ಪುಸ್ತಕ ಅರ್ಧಕ್ಕೆ ಬಿಟ್ಟ ನನ್ನ ಗೆಳೆಯರೆಲ್ಲ ಅಲ್ಲೇ ಆಸುಪಾಸು ಬಿಟ್ಟಿದ್ದು. ಮೊದಲು ಸಿನಿಮಾ ನೋಡಿದ್ದರೆ ಯಾರು ಎತ್ತ ಹೊರಟರು, ಎಲ್ಲರನ್ನೂ ಕೆಡಿಸೋ ಉಂಗುರವನ್ನು ನಾಶ ಮಾಡೋಕೆ ಹೋಗಬೇಕಾದ ಮೊರ್ಡೋರ್ ಎಷ್ಟು ದೂರ ಅನ್ನೋದು ತಲೆಯಲ್ಲಿ ಕೂತಿರುತ್ತೆ, ಓದೋಕೆ ಧೈರ್ಯ ಬರುತ್ತೆ.

ಸಿನಿಮಾ ಪುಸ್ತಕಕ್ಕಿಂತ ಮೇಲು ಅನ್ನಿಸೋ ಜಾಗವೂ ಇದೆ, ಬೈದರೂ ಪರವಾಗಿಲ್ಲ. ಫ್ರೋಡೋ ಜೊತೆ ಹೊರಟ ಯೋಧ ಬೊರೊಮಿರ್ ಸಾಯೋದು ನೋಡ್ರಿ. ಪುಸ್ತಕದಲ್ಲಿ ಎರಡನೇ ಸಂಪುಟ ಶುರುವಾಗೋದೇ ಅಲ್ಲಿಂದ. ಜೊತೆಗಾರ ಅರಗಾರ್ನ್‌ಗೆ ದೂರದಲ್ಲಿ ಕೊಂಬಿನ ದನಿ ಕೇಳುತ್ತೆ, ಓಡಿ ಹೋಗೋ ಹೊತ್ತಿಗೆ ಬೊರೊಮಿರ್ ಮೈ ತುಂಬ ಬಾಣ ನೆಟ್ಟುಕೊಂಡು ಮರಕ್ಕೆ ಒರಗಿರುತ್ತಾನೆ. ಹೊಡೆದಾಟ ನಮಗೆ ಕಾಣೋದೇ ಇಲ್ಲ. 2001ರ ಸಿನಿಮಾ ಅದನ್ನು ಮೊದಲ ಭಾಗದ ಕೊನೆಗೆ ತಂದು, ಬಾಣ ಬಿದ್ದರೂ ಅವನು ಎದ್ದೆದ್ದು ಕತ್ತಿ ಬೀಸೋದನ್ನು ತೋರಿಸುತ್ತೆ. ಉಂಗುರದ ಆಸೆಗೆ ಬಿದ್ದಿದ್ದ ಮನುಷ್ಯ ಇಬ್ಬರು ಪುಟ್ಟ ಹಾಬಿಟ್‌ಗಳಿಗೋಸ್ಕರ ಸಾಯೋದನ್ನು ಕಣ್ಣಾರೆ ನೋಡಿದ ಮೇಲೆ ಅವನ ಮೇಲೆ ಸಿಟ್ಟು ಉಳಿಯೋದಿಲ್ಲ.

ಆದರೆ ಅವನ ತಮ್ಮ ಫಾರಮಿರ್‌ಗೆ ಅನ್ಯಾಯ ಆಗಿದೆ. ಪುಸ್ತಕದ ಫಾರಮಿರ್ ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರ ಎತ್ತಿಕೊಳ್ಳಲ್ಲ ಅನ್ನೋ ಗಟ್ಟಿ ಮನುಷ್ಯ, ಆಡಿದ ಹಾಗೇ ನಡೀತಾನೆ. ಸಿನಿಮಾದವನು ಫ್ರೋಡೋನನ್ನು ಕಟ್ಟಿಕೊಂಡು ಆಸ್ಗಿಲಿಯತ್ ಪಟ್ಟಣದವರೆಗೂ ಎಳೆದುಕೊಂಡು ಹೋಗ್ತಾನೆ, ಆಮೇಲೆ ಬುದ್ಧಿ ಬಂದು ಬಿಡ್ತಾನೆ. ಚಿತ್ರಕಥೆ ಬರೆದವರ ವಾದ ಏನು ಅಂದರೆ, ಎಲ್ಲರನ್ನೂ ಕೆಡಿಸೋ ಉಂಗುರವನ್ನು ಒಬ್ಬ ಸುಮ್ನೆ ಬೇಡ ಅಂದುಬಿಟ್ಟರೆ ಆ ಉಂಗುರದ ಮೇಲಿನ ಭಯವೇ ಹೋಗುತ್ತೆ. ವಾದ ಅರ್ಥ ಆಗುತ್ತೆ. ಆದರೂ ಪುಸ್ತಕ ಓದಿದವರ ಹೊಟ್ಟೆ ಉರಿಯೋದು ನಿಲ್ಲಲ್ಲ.

ಶಿವಮೊಗ್ಗದಿಂದ, ಲೈಬ್ರರಿಯಲ್ಲಿ ಕೆಲಸ:
ನಮ್ಮಲ್ಲಿ ಮಕ್ಕಳು ಹೆಚ್ಚಾಗಿ ಕೇಳೋದು ಹ್ಯಾರಿ ಪಾಟರ್. ಅದರಲ್ಲಿ ಮೊದಲ ಎರಡು ಪುಸ್ತಕ, ಸಿನಿಮಾ ಯಾವ ಕ್ರಮದಲ್ಲಿ ಆದರೂ ನಡೆಯುತ್ತೆ. ಪುಸ್ತಕ ಚಿಕ್ಕವು, ಸಿನಿಮಾ ಪುಸ್ತಕದ ಬೆನ್ನಿಗೇ ಅಂಟಿಕೊಂಡು ಹೋಗುತ್ತೆ. ತರಲೆ ಭೂತ ಪೀವ್ಸ್ ಮಾತ್ರ ಕಾಣಲ್ಲ. ಅವನ ದೃಶ್ಯಗಳನ್ನು ಚಿತ್ರೀಕರಿಸಿ ಆಮೇಲೆ ಕತ್ತರಿಸಿದರು. ದಪ್ಪ ಪುಸ್ತಕಕ್ಕೆ ಹೆದರೋ ಮಗುವಿಗೆ ಮೊದಲ ಸಿನಿಮಾ ತೋರಿಸಿ, ಎರಡನೇದನ್ನು ಓದೋಕೆ ಕೊಡಿ. ಮುಂದೇನಾಯ್ತು ಅನ್ನೋ ಕುತೂಹಲಕ್ಕೆ ತಾನೇ ಓದುತ್ತೆ.

ಮೂರನೇದರಿಂದ ಪುಸ್ತಕವೇ ಮೊದಲು. ಕಾರಣ ಹೇಳ್ತೀನಿ. ಹ್ಯಾರಿಗೆ ಶಾಲೆಯ ಮೂಲೆ ಮೂಲೆಯಲ್ಲಿ ಯಾರಿದ್ದಾರೆ ಅಂತ ತೋರಿಸೋ ಮಾಯಾ ನಕಾಶೆ ಸಿಗುತ್ತೆ, ಅದರ ಮೇಲೆ ನಾಲ್ಕು ಅಡ್ಡಹೆಸರು. ಆ ನಾಲ್ವರು ಯಾರು ಅಂತ 2004ರ ಸಿನಿಮಾ ಬಿಡಿಸಿ ಹೇಳೋದೇ ಇಲ್ಲ. ಪುಸ್ತಕ ಓದಿದರೆ ಗೊತ್ತಾಗುತ್ತೆ, ಅವರಲ್ಲಿ ಒಬ್ಬ ಹ್ಯಾರಿಯ ಅಪ್ಪ, ಅವನು ಜಿಂಕೆ ರೂಪ ತಾಳುತ್ತಿದ್ದ ಅಂತ. ಕೊನೆಯಲ್ಲಿ ಕೆರೆ ದಂಡೆಯಲ್ಲಿ ಹ್ಯಾರಿಯ ಮಂತ್ರದಿಂದ ಬೆಳ್ಳಿ ಬೆಳಕಿನ ಜಿಂಕೆ ಹೊಮ್ಮುತ್ತಲ್ಲ, ಓದಿದ ಮಗುವಿಗೆ ಅದು ಅಪ್ಪ. ಬರೀ ಸಿನಿಮಾ ನೋಡಿದ ಮಗುವಿಗೆ ಅದೊಂದು ಚೆಂದದ ಜಿಂಕೆ, ಅಷ್ಟೆ.

ಮುಂದಿನವು ಇನ್ನೂ ಕಷ್ಟ. ಏಳರಲ್ಲಿ ಐದನೇದು ಎಲ್ಲಕ್ಕಿಂತ ದಪ್ಪ ಪುಸ್ತಕ, ಸಿನಿಮಾ 138 ನಿಮಿಷ. ಆರನೇದರಲ್ಲಿ ಖಳನಾಯಕ ವೋಲ್ಡಮಾರ್ಟ್‌ನ ತಾಯಿಯ ಕಥೆ ಇದೆ, ಆ ಮುರುಕಲು ಮನೆ, ಹೊಡೆಯೋ ಅಪ್ಪ, ಅವಳು ಊರ ಸಾಹುಕಾರನ ಮಗನನ್ನು ಆಸೆಪಟ್ಟದ್ದು. ವೋಲ್ಡಮಾರ್ಟ್ ಯಾಕೆ ಹಾಗಾದ ಅನ್ನೋದರ ಬೇರು ಅಲ್ಲಿದೆ. ಸಿನಿಮಾದಲ್ಲಿ ಅದಷ್ಟೂ ಮಾಯ. ಅದರ ಬದಲು ಪುಸ್ತಕದಲ್ಲಿ ಇಲ್ಲದ ಒಂದು ಮನೆ ಸುಡೋ ದೃಶ್ಯ ಹಾಕಿದ್ದಾರೆ, ಯಾಕೋ ಗೊತ್ತಿಲ್ಲ. ಆದರೆ ಏಳನೇ ಪುಸ್ತಕದ ಮೊದಲ ಭಾಗವಾಗಿ ಬಂದ 2010ರ ಸಿನಿಮಾದಲ್ಲಿ ಮೂವರು ಅಣ್ಣತಮ್ಮಂದಿರು ಸಾವನ್ನು ಎದುರಿಸೋ ಕಥೆಯನ್ನು ತೊಗಲುಗೊಂಬೆ ಆಟದ ಹಾಗೆ ನೆರಳಿನಲ್ಲೇ ಹೇಳಿದ್ದಾರೆ. ಆ ಮೂರು ನಿಮಿಷ ಮಾತ್ರ ಪುಸ್ತಕಕ್ಕಿಂತ ಚೆನ್ನಾಗಿದೆ.

ಬೆಂಗಳೂರಿನಿಂದ, ಕಾಲೇಜು ಹುಡುಗಿ:
ಆಂಟಿ, ಪರ್ಸಿ ಜಾಕ್ಸನ್ ಕೊಟ್ಟು ನೋಡಿ. ಗ್ರೀಕ್ ದೇವರುಗಳ ಮಕ್ಕಳು ಈಗಿನ ಅಮೆರಿಕದಲ್ಲಿ ಇದ್ದರೆ ಹೇಗಿರುತ್ತೆ ಅನ್ನೋ ಕಥೆ, ಪುರಾಣ ಕೇಳಿ ಬೆಳೆದ ಮಕ್ಕಳಿಗೆ ಬೇಗ ಹಿಡಿಸುತ್ತೆ. ಆದರೆ ದಯವಿಟ್ಟು 2010ರ ಸಿನಿಮಾ ತೋರಿಸಬೇಡಿ. ಪುಸ್ತಕದಲ್ಲಿ ಪರ್ಸಿಗೆ 12 ವರ್ಷ, 16 ತುಂಬೋ ಹೊತ್ತಿಗೆ ಏನೋ ಆಗುತ್ತೆ ಅನ್ನೋ ಭವಿಷ್ಯದ ಮೇಲೆ ಐದು ಪುಸ್ತಕವೂ ನಿಂತಿದೆ. ಸಿನಿಮಾದವರು ಮೊದಲೇ ಅವನನ್ನು ಹೈಸ್ಕೂಲ್ ಹುಡುಗನನ್ನಾಗಿ ಮಾಡಿಬಿಟ್ಟರು. 2023ರಲ್ಲಿ ಬಂದ ಸೀರೀಸ್ ಪರವಾಗಿಲ್ಲ, ಅದರಲ್ಲಿ ಹುಡುಗ ಚಿಕ್ಕವನೇ.

ಇನ್ನೊಂದು, ಹೌಲ್ಸ್ ಮೂವಿಂಗ್ ಕ್ಯಾಸಲ್. ಡಯಾನಾ ವಿನ್ ಜೋನ್ಸ್ ಅವರ ಪುಸ್ತಕ 1986, ಜಪಾನಿನ ನಿರ್ದೇಶಕ ಮಿಯಾಝಾಕಿ ಅವರ ಅನಿಮೇಷನ್ ಸಿನಿಮಾ 2004. ಶಾಪ ತಗುಲಿ ಮುದುಕಿ ಆಗೋ ಹುಡುಗಿ, ನಡೆದಾಡೋ ಕೋಟೆ, ಇಷ್ಟು ಎರಡರಲ್ಲೂ ಇದೆ. ಉಳಿದದ್ದು ಬೇರೆ ಬೇರೆ ದಾರಿ. ಸಿನಿಮಾದಲ್ಲಿ ಯುದ್ಧ, ಬಾಂಬು. ಪುಸ್ತಕದಲ್ಲಿ ಮಾಂತ್ರಿಕ ಹೌಲ್ ನಿಜವಾಗಿ ವೇಲ್ಸ್‌ನವನು, ಒಂದು ಬಾಗಿಲು ತೆಗೆದರೆ ಅವನ ಅಕ್ಕನ ಮನೆ, ಅಲ್ಲಿ ಹುಡುಗ ಕಂಪ್ಯೂಟರ್ ಗೇಮ್ ಆಡ್ತಿರುತ್ತಾನೆ! ಇದರಲ್ಲಿ ಯಾವುದು ಮೊದಲಾದರೂ ಒಂದು ಇನ್ನೊಂದರ ಗುಟ್ಟು ರಟ್ಟು ಮಾಡಲ್ಲ.

ದಾವಣಗೆರೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಹಾಬಿಟ್‌ನಿಂದಲೇ ಶುರು ಮಾಡ್ತೀನಿ, ರಾತ್ರಿ ನಾನೇ ಓದಿ ಹೇಳ್ತೀನಿ. ಯಜಮಾನರಿಗೆ ಒಗಟಿನ ದೃಶ್ಯ ಹುಡುಕಿ ಇಡೋ ಕೆಲಸ. ಒಂದು ಅನುಮಾನ. ಸಿನಿಮಾ ಮೊದಲು ನೋಡಿದರೆ ಪಾತ್ರದ ಮುಖವೇ ಅಂಟಿಕೊಂಡುಬಿಡಲ್ವಾ?

ಧಾರವಾಡದಿಂದ:
ಅಂಟಿಕೊಳ್ಳುತ್ತೆ ಅಕ್ಕಾ, ಸುಳ್ಳು ಯಾಕೆ ಹೇಳಲಿ. ನನಗೆ ಮಾಂತ್ರಿಕ ಗ್ಯಾಂಡಾಲ್ಫ್ ಅಂದರೆ ಇವತ್ತಿಗೂ ನಟ ಇಯಾನ್ ಮೆಕೆಲನ್ ಮುಖವೇ. ನಷ್ಟ ಅನ್ನಿಸಿಲ್ಲ. ಆದರೆ ಸಿನಿಮಾದಲ್ಲಿ ಇಲ್ಲದ ಪಾತ್ರಕ್ಕೆ ಮುಖ ಕೊಡೋಕೆ ಅವಳಿಗೇ ಬಿಡ್ರಿ. ಬಾಂಬಡಿಲ್ ಅಷ್ಟಕ್ಕಾದರೂ ಉಪಯೋಗಕ್ಕೆ ಬರ್ತಾನೆ.

ಮೈಸೂರಿನಿಂದ:
ಮೇಡಂ, ಹಾಬಿಟ್ ಕೊಳ್ಳುವಾಗ ನಕಾಶೆ ಇರೋ ಪ್ರತಿಯೇ ನೋಡಿ ತಗೊಳ್ಳಿ, ಅಗ್ಗದ ಪ್ರತಿಗಳಲ್ಲಿ ಕೆಲವೊಮ್ಮೆ ಮಸುಕಾಗಿರುತ್ತೆ. ಟೋಲ್ಕಿನ್ ತಾವೇ ಬರೆದ ನಕಾಶೆ, ಅದರ ಮೇಲೆ ರೂನ್ ಅಂತ ಹಳೇ ಕಾಲದ ಅಕ್ಷರಗಳಿವೆ. ಯಾವ ಗುರುತಿಗೆ ಯಾವ ಅಕ್ಷರ ಅಂತ ತಿಳ್ಕೊಂಡರೆ ಅದನ್ನು ಓದಬಹುದು. ನಮ್ಮ ಹುಡುಗ ಮೊದಲ ಅಧ್ಯಾಯಕ್ಕೂ ಮುಂಚೆ ಅದನ್ನೇ ಹಿಡಿದು ಕೂತಿದ್ದ.