‘ವಿಪರೀತ’ ಅಂದರೆ ಜಾಸ್ತಿಯೋ, ಉಲ್ಟಾನೋ?

ಮೊನ್ನೆ ಪಕ್ಕದ ಮನೆಯವರು ಮಗನ ಜಾತಕ ತೋರಿಸಿಕೊಂಡು ಬಂದು ಖುಷಿಯಿಂದ ಹೇಳಿದರು: ‘ವಿಪರೀತ ರಾಜಯೋಗ ಇದೆಯಂತೆ!’ ಅವರ ಲೆಕ್ಕದಲ್ಲಿ ಅದು ಸಿಕ್ಕಾಪಟ್ಟೆ ರಾಜಯೋಗ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಆದರೆ ಜ್ಯೋತಿಷಿಗಳು ಹೇಳುವುದೇ ಬೇರೆ. ಜಾತಕದ ಹನ್ನೆರಡು ಮನೆಗಳಲ್ಲಿ 6, 8, 12 ಕೆಟ್ಟ ಮನೆಗಳು. ಅವುಗಳ ಅಧಿಪತಿ ಗ್ರಹಗಳು ಅಂಥದೇ ಮನೆಗಳಲ್ಲಿ ಕೂತರೆ ಕೆಡುಕಿನಿಂದಲೇ ಒಳ್ಳೆಯದಾಗುತ್ತದಂತೆ. ಅಂದರೆ ಉಲ್ಟಾ ರಾಜಯೋಗ. (ಜ್ಯೋತಿಷ್ಯ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು; ನನಗೆ ಬೇಕಾದದ್ದು ಪದ ಮಾತ್ರ.)

ಸಂಸ್ಕೃತದ ವಿ, ಪರಿ, ಇತ ಸೇರಿ ಆದ ಪದ ಇದು. ‘ಇತ’ ಅಂದರೆ ಹೋದದ್ದು. ದಾರಿ ಬಿಟ್ಟು ತಿರುಗಿ ಹೋದದ್ದು ವಿಪರೀತ. ‘ವಿನಾಶಕಾಲೇ ವಿಪರೀತಬುದ್ಧಿಃ’ ಅಂದರೆ ಹಾಳಾಗುವ ಹೊತ್ತಿಗೆ ಬುದ್ಧಿ ಜಾಸ್ತಿಯಾಗುತ್ತೆ ಅಂತಲ್ಲ, ತಿರುಗುಮುರುಗಾಗುತ್ತೆ ಅಂತ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಕಂಡ ‘ವಿಪರೀತ’ ನಿಮಿತ್ತಗಳೂ ಕೆಟ್ಟ ಶಕುನಗಳೇ. ಯೋಗದ ವಿಪರೀತ ಕರಣಿಯಲ್ಲಿ ಕಾಲು ಮೇಲೆ, ತಲೆ ಕೆಳಗೆ. ಹಿಂದಿಯಲ್ಲಿ ಇವತ್ತಿಗೂ ಇದೇ ಅರ್ಥ.

ಕನ್ನಡಕ್ಕೆ ಬಂದಮೇಲೆ (ತೆಲುಗಿನಲ್ಲೂ ಹೀಗೇ) ಅದು ವಿಪರೀತ ಮಳೆ, ವಿಪರೀತ ಸೆಕೆ, ವಿಪರೀತ ತಲೆನೋವು ಆಯಿತು. ‘ಎಂದಿನಂತಿಲ್ಲದ್ದು’ ಅನ್ನುವಲ್ಲಿಂದ ‘ಅಳತೆ ಮೀರಿದ್ದು’ ಅನ್ನುವಲ್ಲಿಗೆ ಜಾರಿರಬೇಕು ಅಂತ ನನ್ನ ಊಹೆ. ಹಳೆಯ ಹುಳಿ ಮಾತ್ರ ಹೋಗಿಲ್ಲ. ‘ಪಾಯಸಕ್ಕೆ ಬೆಲ್ಲ ಜಾಸ್ತಿ ಆಯ್ತು’ ಅಂದವರು ಇನ್ನೊಂದು ಸೌಟು ಹಾಕಿಸಿಕೊಂಡಾರು. ‘ವಿಪರೀತ ಆಯ್ತು’ ಅಂದವರು ಬಟ್ಟಲು ಪಕ್ಕಕ್ಕೆ ಸರಿಸಿರುತ್ತಾರೆ. ‘ನಿಂದು ವಿಪರೀತ ಆಯ್ತು’ ಅಂತ ಅಮ್ಮ ಅಂದರೆ ಸುಮ್ನೆ ಎದ್ದು ಹೋಗುವುದೇ ಲೇಸು. ಜ್ವರ ‘ವಿಪರೀತಕ್ಕೆ ಹೋಯಿತು’ ಅನ್ನುವಾಗಲಂತೂ ಜಾಸ್ತಿಯಾದದ್ದೂ ಹೌದು, ಕೆಟ್ಟದ್ದೂ ಹೌದು.

‘ಜಾಸ್ತಿ’ಯ ಕಥೆ ಇನ್ನೊಂದು ಥರ. ಅದು ಅರಬ್ಬಿ-ಪಾರಸಿ ಕಡೆಯ ‘ಜ್ಯಾದತಿ’ಯಿಂದ ಬಂದದ್ದು. ಹಿಂದಿಯವರ ಬಾಯಲ್ಲಿ ಜ್ಯಾದತಿ ಅಂದರೆ ದಬ್ಬಾಳಿಕೆ, ಅನ್ಯಾಯ. ನಮ್ಮಲ್ಲಿ ಆ ಖಾರ ಪೂರ್ತಿ ಇಳಿದುಬಿಟ್ಟಿದೆ, ಅಲ್ವಾ?

ಈಗ ನನ್ನ ಪ್ರಶ್ನೆ. ಒಳ್ಳೆಯದಕ್ಕೂ ನೀವು ವಿಪರೀತ ಬಳಸುತ್ತೀರಾ? ನನ್ನ ಮಗಳು ‘ವಿಪರೀತ ಇಷ್ಟ’ ಅನ್ನುತ್ತಾಳೆ, ನನ್ನ ಕಿವಿಗೆ ಕಸಿವಿಸಿ. ‘ವಿಪರೀತ ಸಂತೋಷ’, ‘ವಿಪರೀತ ಪುಣ್ಯ’ ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಾರಾ? ‘ಬಹಳ’ ಅನ್ನೋದಕ್ಕೆ ಭಾಳ, ರಗಡ ಎರಡೂ ಇರುವ ಧಾರವಾಡದ ಕಡೆ ಈ ಪದಕ್ಕೆ ಏನು ಕೆಲಸ ಉಳಿದಿದೆ?